‘ಕಿವಿ ಚುಚ್ಚುತ್ತೆ’ ಅಂದರೆ ಯಾವುದು ಚುಚ್ಚುತ್ತೆ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಗೊಂದಲ ತಂದಿದ್ದೇನೆ.

ನನ್ನ ಹತ್ತಿರ ಎರಡು ಜೊತೆ ಇನ್-ಇಯರ್ ಮಾನಿಟರ್ ಇವೆ, ಅಂದರೆ ರಬ್ಬರ್ ತುದಿಯನ್ನು ಕಿವಿಯೊಳಗೆ ತೂರಿಸಿ ಕೇಳುವ ಇಯರ್‌ಫೋನ್. ಯಾವುದು ತಗೊಳ್ಳಲಿ ಅಂತ ಭಾವ ಕೇಳಿದರು. ಒಂದು ವಾರ ಎರಡನ್ನೂ ಕೇಳಿ ನೋಡಿ, ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕಳಿಸಿದೆ. ಒಂದರ ಬಗ್ಗೆ ‘ಕಿವಿ ಚುಚ್ಚುತ್ತೆ’ ಎಂದಿದ್ದೆ, ಇನ್ನೊಂದರ ಬಗ್ಗೆ ‘ಕಿವಿಗೆ ಹಿತವಾಗಿದೆ’ ಎಂದು. ಭಾವ ಫೋನ್ ಮಾಡಿ, “ರಬ್ಬರ್ ಬದಲಾಯಿಸಿದ್ರೆ ಆಯ್ತಲ್ಲ ಮಾರಾಯ” ಅಂದರು.

ನಾನು ಹೇಳಿದ್ದು ರಬ್ಬರಿನ ಮಾತೇ ಅಲ್ಲ. ಹಾಡಿನಲ್ಲಿ ಶ, ಷ, ಸ ಬಂದಾಗಲೆಲ್ಲ ಸೂಜಿ ತಾಗಿದ ಹಾಗಾಗುತ್ತಿತ್ತು, ಅದನ್ನು. ತೊಡುವುದಕ್ಕೆ ನೋಡಿದರೆ ಆ ಜೊತೆಯೇ ಮೆತ್ತಗಿದೆ. ವೈರು ಕಿವಿಯ ಹಿಂದಿನಿಂದ ಸುತ್ತಿ ಬರುತ್ತದೆ, ಹಾಕಿದ್ದೇ ಮರೆತುಹೋಗುತ್ತದೆ. ‘ಹಿತ’ ಎಂದು ಹೊಗಳಿದ್ದೆನಲ್ಲ, ಅದಕ್ಕೆ ಮೂರು ಅಂತಸ್ತಿನ ರಬ್ಬರ್ ತುದಿ. ಒಳಗೆ ಆಳಕ್ಕೆ ಹೋಗಿ ಕೂರುತ್ತದೆ. ಅರ್ಧ ಗಂಟೆಗೆ ಕಿವಿ ನೋಯುತ್ತದೆ. ಅಂದರೆ ಭಾವನಿಗೆ ಎರಡೂ ಸರಿಯಾಗಿ ತಲೆಕೆಳಗಾಗಿ ಮುಟ್ಟಿದೆ.

ತಪ್ಪು ಭಾವನದ್ದಲ್ಲ. ಕಿವಿಗೆ ಇಂಪು, ಕಿವಿ ತುಂಬಾ ಕೇಳಿದೆ, ಕಿವಿ ಕೊರೆಯಬೇಡ, ಕಿವಿಗಡಚಿಕ್ಕುವ ಸದ್ದು — ನಾವು ದನಿಯ ಗುಣವನ್ನೆಲ್ಲ ಕಿವಿಯ ಮೇಲೆಯೇ ಹೇರಿ ಮಾತಾಡುತ್ತೇವೆ. ಸ್ಪೀಕರ್ ದೂರ ಇದ್ದ ಕಾಲಕ್ಕೆ ಇದು ತೊಂದರೆ ಇರಲಿಲ್ಲ. ಈಗ ಸದ್ದು ಮಾಡುವ ವಸ್ತುವೇ ಕಿವಿಯೊಳಗೆ ಕೂತಿದೆ. ದನಿ ಚುಚ್ಚಿತೋ, ಪ್ಲಾಸ್ಟಿಕ್ ಚುಚ್ಚಿತೋ, ಹೇಗೆ ಬೇರೆ ಮಾಡಿ ಹೇಳುವುದು?

ಚುಚ್ಚುವುದಕ್ಕೆ ನನಗೊಂದು ದಾರಿ ಹೊಳೆದಿದೆ. ಹೊಸ ಚಪ್ಪಲಿ ಕಚ್ಚುತ್ತದೆ ಅಂತೀವಲ್ಲ? ಹಾಗೇ ‘ಈ ಜೊತೆ ಕಚ್ಚುತ್ತೆ’ ಅಂದರೆ ತೊಡುವ ಮಾತು ಅಂತ ತಟ್ಟನೆ ತಿಳಿಯುತ್ತದೆ. ದನಿ ಕಚ್ಚುತ್ತದೆ ಅಂತ ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಚುಚ್ಚುವುದನ್ನು ದನಿಗೇ ಬಿಟ್ಟುಬಿಡಬಹುದು. ಆದರೆ ‘ಹಿತ’ಕ್ಕೆ ಇಂಥ ಜೋಡಿ ಸಿಗುತ್ತಿಲ್ಲ. ‘ಆರಾಮ’ ಅಂದರೆ ಧಾರವಾಡ ಕಡೆಯವರು ಆರೋಗ್ಯ ವಿಚಾರಿಸಿದೆ ಅಂದುಕೊಂಡಾರು. ‘ಕಿವಿಗೆ ಕೂತಿದೆ’ ಪರವಾಗಿಲ್ಲ, ಅಂಗಿ ಮೈಗೆ ಕೂತ ಹಾಗೆ. ಆದರೆ ಕೂತದ್ದೆಲ್ಲ ಸುಖವಾಗಿರಬೇಕೆಂದಿಲ್ಲ. ನನ್ನ ಮೂರಂತಸ್ತಿನದು ಚೆನ್ನಾಗಿಯೇ ಕೂತಿದೆ, ಕೂತು ಕಚ್ಚುತ್ತಿದೆ.

ಇನ್ನೊಂದು ಮಾತು ಮಾತ್ರ ಸಲೀಸಾಗಿ ಸಿಕ್ಕಿತು: ‘ಕಿವಿ ಕಟ್ಟುವುದು’. ಘಟ್ಟ ಇಳಿಯುವಾಗ ಆಗುತ್ತದಲ್ಲ, ಹಾಗೆ. ಕಾರಣ ಬೇರೆ, ಅನುಭವ ಹತ್ತಿರದ್ದು. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಭಾಗ ಮೃದ್ವಸ್ಥಿ, ಒಳಭಾಗ ಗಟ್ಟಿ ಎಲುಬು. ನಾವು ಅಗಿದಾಗ, ಮಾತಾಡಿದಾಗ ಆ ಮೆತ್ತನೆಯ ಭಾಗ ನಡುಗಿ ಸದ್ದು ಮಾಡುತ್ತದೆ. ಇಯರ್‌ಫೋನ್ ತೂರಿಸಿ ನಾಳದ ಬಾಯಿ ಮುಚ್ಚಿದರೆ ಆ ಸದ್ದು ಹೊರಗೆ ಹೋಗಲಾರದೆ ಒಳಗೇ ಗುಂಯ್ಗುಡುತ್ತದೆ. ಮೆತ್ತಗಿನ ಜೊತೆ ಹಾಕಿಕೊಂಡು ಚಕ್ಕುಲಿ ತಿಂದು ನೋಡಿ, ತಲೆಯೊಳಗೆ ಜಲ್ಲಿ ಕ್ರಷರ್ ಓಡುತ್ತದೆ! ಆಳಕ್ಕೆ ಕೂರುವ ತುದಿ ಎಲುಬಿನ ಭಾಗ ಮುಟ್ಟುವುದರಿಂದ ಈ ಕಾಟ ಕಡಿಮೆ. ಹಾಗಾಗಿ ಕಚ್ಚುವ ಜೊತೆ ಕಿವಿ ಕಟ್ಟುವುದಿಲ್ಲ, ಕಚ್ಚದ ಜೊತೆ ಕಟ್ಟುತ್ತದೆ. ಹಿತ ಅನ್ನೋ ಒಂದೇ ಮಾತಿನಲ್ಲಿ ಇದನ್ನೆಲ್ಲ ತುಂಬಲು ಹೊರಟಿದ್ದೇ ನನ್ನ ತಪ್ಪೇನೋ.

ಇನ್ನು ದನಿಯ ಮಾತು. ಇಲ್ಲಿ ಬಡತನವೇನಿಲ್ಲ. ನೀರಿಗೆ ಹೇಳುವ ತಿಳಿ, ಬಗ್ಗಡ ಎರಡೂ ಹಾಗೇ ಹೊಂದುತ್ತವೆ. ಮೃದಂಗದ ಎಡ ಮತ್ತು ತಂಬೂರಿಯ ಮಂದ್ರ ಒಂದರೊಳಗೊಂದು ಕಲಸಿಹೋದರೆ ಬಗ್ಗಡ. ಬೇರೆಬೇರೆ ಕೇಳಿದರೆ ತಿಳಿ. ಹಾಡುಗಾರರ ದನಿಗೆ ಸಂಗೀತದವರು ‘ಶಾರೀರ’ ಅನ್ನುತ್ತಾರೆ, ಅದನ್ನೂ ಎರವಲು ತರಬಹುದು. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ದಾರದ ಎಳೆಗೆ ‘ಜೀವ’ ಅಂತಲೇ ಹೆಸರು. ಅದು ಸರಿಯಾದ ಜಾಗಕ್ಕೆ ಬಂದಾಗ ಏಳುವ ಝೇಂಕಾರ ಮೂರಂತಸ್ತಿನದರಲ್ಲಿ ಎಳೆಎಳೆಯಾಗಿ ಕೇಳುತ್ತದೆ. ‘ಇದರಲ್ಲಿ ಜೀವ ಕೇಳಿಸುತ್ತೆ’ ಅಂತ ಬರೆದಿದ್ದರೆ ಭಾವನಿಗೆ ಅರ್ಥವಾಗುತ್ತಿತ್ತು, ಅವರ ಮನೆಯಲ್ಲಿ ತಂಬೂರಿ ಇದೆ.

ಆದರೆ ‘ಬೆಚ್ಚಗಿನ ದನಿ’ ಅನ್ನುವುದನ್ನು ನಾನು ಒಪ್ಪಲಾರೆ. ಬೇಸ್ ಜಾಸ್ತಿ, ಮೇಲಿನ ಸ್ವರ ಮೆತ್ತಗೆ ಇದ್ದರೆ ಇಂಗ್ಲಿಷಿನವರು ಹಾಗನ್ನುತ್ತಾರೆ, ನಮ್ಮವರೂ ಸುಮ್ನೆ ತಿರುಗಿಸಿ ಬರೆಯುತ್ತಿದ್ದಾರೆ. ನಮ್ಮ ಹಳೆಯ ವ್ಯಾಕರಣದಲ್ಲಿ ಶ, ಷ, ಸ, ಹಗಳಿಗೆ ‘ಊಷ್ಮ’ ಅಂತ ಹೆಸರು, ಬಿಸಿ ಉಸಿರಿನವು ಅಂತ. ಅಂದರೆ ಬಿಸಿ ಇರುವುದು ಸೂಜಿಯ ಕಡೆ, ಸೆಕೆಂಡಿಗೆ 5ರಿಂದ 8 ಸಾವಿರ ಕಂಪನಗಳ ಆಸುಪಾಸಿನಲ್ಲಿ. ಬೇಸಿನ ಕಡೆ ಅಲ್ಲ. ಬೇಸ್ ತುಂಬಿದ ದನಿಗೆ ‘ತುಂಬು ದನಿ’ ಸಾಲದೇ?

ಹೆಸರಿನ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. 1991ರಲ್ಲಿ ಇಆರ್-4 ಎಂಬ ಇಯರ್‌ಫೋನ್ ತಂದ ಅಮೆರಿಕದ ಕಂಪನಿಯ ಹೆಸರು ಎಟಿಮೋಟಿಕ್. ‘ಕಿವಿಗೆ ನಿಜವಾದದ್ದು’ ಅಂತ ಅರ್ಥ. ಪದದ ಮೂಲ ಹುಡುಕುವ ನಿರುಕ್ತಕ್ಕೆ ಇಂಗ್ಲಿಷಿನಲ್ಲಿ ಎಟಿಮಾಲಜಿ ಅಂತಾರಲ್ಲ, ಅದರ ಮೊದಲ ತುಂಡೇ ಇದರಲ್ಲೂ ಇರುವುದು. ನನ್ನ ಜೊತೆಗಳು ಬೇರೆಯವರವು, ಹೆಸರು ಬೇಡ.

ಈಗ ಕೇಳುವುದಿಷ್ಟು. ಒಡವೆ, ಚಪ್ಪಲಿ, ಕನ್ನಡಕ ಮೈಗೆ ಒತ್ತದೆ, ಹಾಕಿದ್ದೇ ಗೊತ್ತಾಗದ ಹಾಗಿದ್ದರೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಹೊಸ ಓಲೆ ಹಾಕಿಕೊಂಡ ಮಗುವನ್ನು ಅಜ್ಜಿ ವಿಚಾರಿಸುವಾಗ ಯಾವ ಮಾತು ಬಳಸುತ್ತಾರೆ? ಅಂಥದೊಂದು ಸಿಕ್ಕರೆ ಭಾವನಿಗೆ ಮತ್ತೆ ಬರೆಯುತ್ತೇನೆ. ಅವರು ಈಗಾಗಲೇ ರಬ್ಬರ್ ತುದಿಗಳನ್ನು ಹುಡುಕುತ್ತಿದ್ದಾರೆ.