ಸಹಾಯ ಬೇಕು: ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್‌ನ ‘2’ ಅಂದ್ರೆ 2 ಲೀಟರೇನಾ?

ಅಪ್ಪನಿಗೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ). ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಕೊಡಿ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ. 88ರಿಂದ 92ರೊಳಗಿರಲಿ, ಹೆಚ್ಚು ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ ಎಂದು ಡಾಕ್ಟರ್ ಒತ್ತಿ ಹೇಳಿದ್ದಾರೆ. ಮನೆಯಲ್ಲಿರುವ 5 ಲೀಟರಿನ ದೊಡ್ಡ ಮೆಷಿನ್‌ನಲ್ಲಿ 2ಕ್ಕೆ ಇಟ್ಟರೆ ಆರಾಮಾಗಿ 90 ಬರುತ್ತದೆ.

ಓಡಾಡಲು ಅನುಕೂಲವಾಗಲಿ ಅಂತ ಮೊನ್ನೆ ಪೋರ್ಟಬಲ್ ತಂದೆವು. ಇದು ಸತತವಾಗಿ ಗಾಳಿ ಬಿಡುವುದಿಲ್ಲ, ಉಸಿರೆಳೆದಾಗ ಮಾತ್ರ ‘ಪುಸ್’ ಅಂತ ಒಂದು ಪಲ್ಸ್ ಬರುತ್ತದೆ. ಅದರಲ್ಲೂ 2ಕ್ಕೇ ಇಟ್ಟಿದ್ದೆ. ಹಾಸಿಗೆಯಿಂದ ಬಾಗಿಲವರೆಗೆ ನಡೆದರು ಅಷ್ಟೇ, ಆಕ್ಸಿಮೀಟರ್ 84 ತೋರಿಸಿತು. ಕೈ ಬೆಚ್ಚಗೇ ಇತ್ತು, ಬೆರಳು ಬದಲಿಸಿದರೂ ಅದೇ. ಆಮೇಲೆ ಮ್ಯಾನುಯಲ್ ಓದಿದಾಗ ಗೊತ್ತಾಯಿತು, ಆ 2 ಬರೀ ಸೆಟ್ಟಿಂಗ್ ನಂಬರ್, ಲೀಟರ್ ಲೆಕ್ಕ ಅಲ್ಲ. ಮಾರಿದವರು ಇದನ್ನು ಒಂದು ಮಾತು ಹೇಳಬಾರದಿತ್ತೇ?

ನನ್ನ ನಿಜವಾದ ಭಯ ನಿದ್ದೆಯದ್ದು. ಅಪ್ಪ ಬಾಯಿ ತೆರೆದು ಮಲಗುತ್ತಾರೆ. ನಿನ್ನೆ ಮಧ್ಯಾಹ್ನ ಜೊಂಪು ಹತ್ತಿದಾಗ ಆ ಪುಸ್ ಸದ್ದು ನಿಂತೇಹೋಯಿತು, ಸ್ವಲ್ಪ ಹೊತ್ತಿಗೆ ಅಲಾರಂ ಕೂಗಿತು. ಮೂಗಿನ ಉಸಿರು ಅದಕ್ಕೆ ತಿಳಿಯಲಿಲ್ಲ ಅನಿಸುತ್ತದೆ. ಸದ್ಯ ರಾತ್ರಿಗೆ ದೊಡ್ಡದನ್ನೇ ಹಾಕುತ್ತಿದ್ದೇನೆ.

ರೆಸ್ಪಿರೇಟರಿ ಥೆರಪಿಸ್ಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಪಲ್ಸ್ ಸೆಟ್ಟಿಂಗ್ ಸರಿಯೋ ಇಲ್ಲವೋ ಅಂತ ನಡೆಸಿ ನೋಡುವ ಪರೀಕ್ಷೆಯಲ್ಲಿ ಏನೇನು ಗಮನಿಸುತ್ತೀರಿ? ಡಾಕ್ಟರ್ ಭೇಟಿ ಸೋಮವಾರ ಇದೆ, ಅವರಿಗೆ ಯಾವ ರೀಡಿಂಗ್‌ಗಳನ್ನು ಬರೆದು ಒಯ್ಯಲಿ? ಅಲ್ಲಿಯವರೆಗೆ ನಾನಾಗಿ ನಂಬರ್ ಏರಿಸುವುದಿಲ್ಲ.