ಬಿಪಿ ಸರಿ ಇತ್ತು, ಅಜ್ಜಿಗೆ ಸರಿ ಇರಲಿಲ್ಲ. ಡಾಕ್ಟರಿಗೆ ಫೋನಲ್ಲಿ ಹೇಗೆ ಹೇಳಬೇಕಿತ್ತು?

ಪ್ರಶ್ನೆ (ಸ್ಟಾಫ್ ನರ್ಸ್, ಕೆಲಸಕ್ಕೆ ಸೇರಿ 4 ತಿಂಗಳು):

ಸರ್ಜಿಕಲ್ ವಾರ್ಡ್, ನೈಟ್ ಡ್ಯೂಟಿ. 72 ವರ್ಷದ ಅಜ್ಜಿ. ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದು ಎರಡು ದಿನ ಆಗಿತ್ತು. ರಾತ್ರಿ ಎರಡೂವರೆಗೆ ಎದ್ದು ಕೂತಿದ್ದರು. "ಯಾಕಜ್ಜಿ, ನೋವಾ?" ಅಂದೆ. "ನೋವೇನಿಲ್ಲ ಮಗಾ, ಏನೋ ಒಂಥರಾ ಸಂಕಟ" ಅಂದರು.

ಬಿಪಿ 112/70, ನಾಡಿ 104, ಜ್ವರ 100.8, ಆಕ್ಸಿಜನ್ 94. ಚಾರ್ಟಲ್ಲಿ ಉಸಿರಾಟದ ಸಾಲು ಪೂರ್ತಿ 18, 18, 18. ನಾನು ನಾಡಿ ನೋಡುವವಳ ಹಾಗೆ ಕೈ ಹಿಡಿದುಕೊಂಡೇ ಒಂದು ನಿಮಿಷ ಉಸಿರು ಎಣಿಸಿದೆ. 26 ಇತ್ತು.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಅಜ್ಜಿ ಯಾಕೋ ಸರಿ ಇಲ್ಲ ಅನ್ನಿಸುತ್ತಿದೆ" ಅಂದೆ. "ಬಿಪಿ ಎಷ್ಟು?" ಹೇಳಿದೆ. "ಸರಿ ಇದೆಯಲ್ಲ, ಬೆಳಿಗ್ಗೆ ನೋಡೋಣ" ಅಂದರು. 26 ಅನ್ನೋದು ಬಾಯಿಗೇ ಬರಲಿಲ್ಲ. ನಾಲ್ಕು ಗಂಟೆಗೆ ಉಸಿರು 30 ಆಯಿತು, ಮತ್ತೆ ಕರೆದೆ, ಬಂದರು. ನ್ಯುಮೋನಿಯಾ. ಅಜ್ಜಿ ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಆದರೆ ಆ ಒಂದೂವರೆ ಗಂಟೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಉತ್ತರ 1 (ವಾರ್ಡ್ ಇನ್‌ಚಾರ್ಜ್, 22 ವರ್ಷದ ಸರ್ವಿಸ್):

ತಂಗೀ, ನೀನು ಎಣಿಸಿದೆಯಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು. ಬಿಪಿ ಬೀಳೋದು ಎಷ್ಟೋ ಸಲ ಕೊನೆಗೆ. ಅದಕ್ಕಿಂತ ಮೊದಲೇ ಉಸಿರು ಜಾಸ್ತಿ ಆಗಿರುತ್ತದೆ.

ಫೋನಲ್ಲಿ "ಯಾಕೋ" ಅಂತ ಶುರು ಮಾಡಬೇಡ. ಅಂಕಿಯಿಂದಲೇ ಶುರು ಮಾಡು: "ಸರ್, ಅಜ್ಜಿಗೆ ಉಸಿರು 26, ಆಕ್ಸಿಜನ್ 94. ಪಿತ್ತಕೋಶದ ಆಪರೇಷನ್ ಆಗಿ ಎರಡನೇ ದಿನ. ಜ್ವರ ಬಂದಿದೆ, ನಾಡಿ 104. ಎದೆಯಲ್ಲಿ ಸೋಂಕಿರಬಹುದು ಅನ್ನಿಸುತ್ತಿದೆ. ನೀವು ಈಗಲೇ ಬಂದು ನೋಡಬೇಕು." ಕಾಲೇಜಲ್ಲಿ ಎಸ್‌ಬಾರ್ ಅಂತ ಕಲಿತಿರುತ್ತೀಯ (ಈಗ ಏನಾಗಿದೆ, ಹಿನ್ನೆಲೆ ಏನು, ನಿನಗೇನು ಅನ್ನಿಸುತ್ತದೆ, ಅವರು ಏನು ಮಾಡಬೇಕು), ಅದೇ ಇದು. ಕೊನೆಯ ಮಾತು ಬಿಡಲೇಬೇಡ. ಬನ್ನಿ ಅಂತ ಕೇಳೋದಕ್ಕೆ ಸಂಕೋಚ ಬೇಡ.

ಇನ್ನೊಂದು. ಅಜ್ಜಿಯಂದಿರು ನೋವಿಲ್ಲ ಅಂದರೆ ನಂಬಬೇಡ. ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ನಾನು "ರೂಪಾಯಿಗೆ ಎಷ್ಟಾಣೆ ನೋವು?" ಅಂತ ಕೇಳುತ್ತೇನೆ. ತಕ್ಷಣ ಹೇಳುತ್ತಾರೆ, "ಹನ್ನೆರಡಾಣೆ." ಹೊಟ್ಟೆಯ ಮೇಲ್ಭಾಗ ಕೊಯ್ದವರು ನೋವಿಗೆ ಹೆದರಿ ಜೋರಾಗಿ ಉಸಿರೆಳೆಯೋದಿಲ್ಲ, ಕೆಮ್ಮೋದಿಲ್ಲ. ಕಫ ಕೆಳಗೇ ಕೂತುಬಿಡುತ್ತದೆ. ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟು, ತಲೆ ಕಡೆ ಮಂಚ ಎತ್ತರಿಸಿ, ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸು. ಮಗಳು ಜೊತೆಗಿದ್ದರೆ ಅವಳಿಗೂ ತೋರಿಸಿಕೊಡು. ರಾತ್ರಿಯೆಲ್ಲ ಪಕ್ಕದಲ್ಲಿರುವವಳು ಅವಳೇ ಅಲ್ವಾ?

ಉತ್ತರ 2 (ಇಂಗ್ಲೆಂಡಲ್ಲಿ ನರ್ಸ್, ಊರು ಹಾಸನ):

ಇಲ್ಲಿ ನ್ಯೂಸ್-2 ಅನ್ನೋ ಅಂಕದ ಚಾರ್ಟ್ ಇದೆ, ಅಂಕ ಜಾಸ್ತಿ ಆದಷ್ಟೂ ರೋಗಿಯ ಸ್ಥಿತಿ ಕೆಟ್ಟಿದೆ ಅಂತ ಅರ್ಥ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟಿದ್ದು. ನಿಮ್ಮ ಅಜ್ಜಿಗೆ ಹಾಕಿ ನೋಡಿದೆ: ಉಸಿರು 26ಕ್ಕೆ 3, ಆಕ್ಸಿಜನ್‌ಗೆ 1, ನಾಡಿಗೆ 1, ಜ್ವರಕ್ಕೆ 1. ಒಟ್ಟು 6. ಐದು ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾಯೋ ಹಾಗೇ ಇಲ್ಲ, ತುರ್ತಾಗಿ ಬಂದು ನೋಡಬೇಕು. ಡಾಕ್ಟರ್ ಕೇಳಿದ ಬಿಪಿಗೆ ಸಿಕ್ಕಿದ್ದು ಸೊನ್ನೆ. ಉಸಿರಿಗೆ ನೀವು 18 ಬರೆದಿದ್ದರೆ ಅಲ್ಲೂ ಸೊನ್ನೆಯೇ, ಒಟ್ಟು ಬರೀ 3.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಅಕ್ಕ. ಹಿಂದಿನ ಶಿಫ್ಟಲ್ಲಿ ಬರೆದ 18 ಹಾಗೇ ಇರುವಾಗ ನಾನು 26 ಬರೆದರೆ ಅವರ ಮೇಲೆ ದೂರು ಹೇಳಿದ ಹಾಗೆ ಆಗುವುದಿಲ್ಲವಾ?

ಉತ್ತರ 1:

ಇಲ್ಲ. ಹಿಂದಿನದನ್ನು ಮುಟ್ಟಬೇಡ. ನೀನು ಎಣಿಸಿದ್ದನ್ನು ಎಣಿಸಿದ ಹೊತ್ತಿನ ಜೊತೆ ಬರೆ. ಫೋನ್ ಮಾಡಿದ್ದು ಎಷ್ಟು ಗಂಟೆಗೆ, ಡಾಕ್ಟರ್ ಏನಂದರು, ಅದನ್ನೂ ಬರೆ. ಬರೋದಿಲ್ಲ ಅಂದರೆ ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸು, ಮತ್ತೆ ಕರೆ. ಆಗಲೂ ಬರದಿದ್ದರೆ ನೈಟ್ ಸೂಪರ್‌ವೈಸರಿಗೆ ಹೇಳು. ಅಜ್ಜಿಗೆ ಇವತ್ತು ಎಷ್ಟಾಣೆ ನೋವು, ಕೇಳಿದೆಯಾ?

ಪ್ರಶ್ನೆ ಕೇಳಿದವರು:

ಈಗ ಕೇಳಿ ಬಂದೆ. ಆರಾಣೆಯಂತೆ. ಉಸಿರು 20.