ರಜೆಯಲ್ಲಿ ನೇಪಾಳಕ್ಕೆ ನೀರಿನ ಕೆಲಸಕ್ಕೆ ಹೋಗಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ: ನಾನು ದಾವಣಗೆರೆಯವನು, ಸಿವಿಲ್ ಮೂರನೇ ವರ್ಷ. ಜೂನ್-ಜುಲೈನಲ್ಲಿ ಆರು ವಾರ ನೇಪಾಳದ ಗುಡ್ಡದ ಹಳ್ಳಿಯೊಂದಕ್ಕೆ ಕುಡಿಯುವ ನೀರಿನ ಕೆಲಸಕ್ಕೆ ಕರೆದುಕೊಂಡು ಹೋಗ್ತೀವಿ ಅಂತ ಒಂದು ತಂಡ ಹೇಳಿದೆ. 80 ಸಾವಿರ ನಾನೇ ಹಾಕಬೇಕು. "ದುಡ್ಡು ಕೊಟ್ಟು ಮಣ್ಣು ಹೊರೋಕೆ ಹೋಗ್ತೀಯಾ?" ಅಂತಾರೆ ಅಪ್ಪ.

ಉತ್ತರ 1: ನಾನು ಹೋಗಿದ್ದು ಗೋರ್ಖಾ ಜಿಲ್ಲೆಗೆ. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದ್ದ ಜಿಲ್ಲೆ. ಆಮೇಲೆ ಎಷ್ಟೋ ಕಡೆ ಒರತೆಗಳೇ ಬತ್ತಿಹೋದವು.

ನಮ್ಮದು ತೀರ್ಥಹಳ್ಳಿ ಕಡೆ, ಗುಡ್ಡದ ಒರತೆಯಿಂದ ತಾನಾಗೇ ಹರಿದು ಬರೋ ಅಬ್ಬಿ ನೀರು ಕುಡಿದೇ ಬೆಳೆದವನು. ಅಲ್ಲಿನ ಕೆಲಸವೂ ಹೆಚ್ಚುಕಮ್ಮಿ ಅದೇ. ಮೇಲೆ ಒರತೆ, ಅಲ್ಲಿಂದ ಕಪ್ಪು ಪೈಪು, ಒಂದು ತೊಟ್ಟಿ, ಊರಲ್ಲಿ ನಲ್ಲಿ. ಮೋಟಾರ್ ಇಲ್ಲ.

ಜುಲೈನಲ್ಲಿ ಒರತೆ ಅಳೆದೆ. 20 ಲೀಟರಿನ ಬಕೆಟ್ 40 ಸೆಕೆಂಡಿಗೆ ತುಂಬಿತು. ಅಂದ್ರೆ ದಿನಕ್ಕೆ 43,200 ಲೀಟರ್. ಅಲ್ಲಿ ಹಳ್ಳಿಗಳಿಗೆ ತಲೆಗೆ 45 ಲೀಟರ್ ಲೆಕ್ಕ. 900 ಜನಕ್ಕೆ ಸಾಕು ಅಂತ ಜಂಭದಿಂದ ಪುಸ್ತಕ ತೋರಿಸಿದೆ. ಪಕ್ಕದಲ್ಲಿ ಹುಲ್ಲು ತುಂಬಿದ ಡೋಕೋ (ಬೆನ್ನಿಗೆ ಹೊರೋ ಬುಟ್ಟಿ) ಇಳಿಸಿ ಕೂತಿದ್ದ ಅಜ್ಜಿ ನಕ್ಕರು. "ಚೈತ್ರದಲ್ಲಿ ಬಾ. ಕೊಡ ಇಟ್ಟು ಹುಲ್ಲು ಕೊಯ್ಯೋಕೆ ಹೋಗ್ತೀವಿ. ಹೊರೆ ಕಟ್ಟಿ ಬಂದರೂ ತುಂಬಿರಲ್ಲ."

ನಮ್ಮ ಮನೆ ಅಬ್ಬಿಯೂ ಮೇ ತಿಂಗಳಲ್ಲಿ ದಾರದಷ್ಟೇ ಬರೋದು! ಗೊತ್ತಿದ್ದೂ ಮರೆತೆ. ಮಳೆಗಾಲದ ಅಳತೆ ನಂಬಿ ನಲ್ಲಿ ಹಾಕಿದ್ದರೆ ಬೇಸಿಗೆಯಲ್ಲಿ ಬರೀ ಗಾಳಿ ಬರುತ್ತಿತ್ತು.

ಕಲಿತದ್ದೂ ಇದೆ. ನೀರು 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಅಂತ ಪರೀಕ್ಷೆಯಲ್ಲಿ ಬರೆದು ಬಂದವನು ನಾನು. ಅಲ್ಲಿನ ಪ್ಲಂಬರ್ ದಾಯಿ (ನೇಪಾಳಿಯಲ್ಲಿ ಅಣ್ಣ) ನಲ್ಲಿ ಬಿಚ್ಚಿ, ಹೆಬ್ಬೆರಳಲ್ಲಿ ಮುಚ್ಚು ನೋಡೋಣ ಅಂದ. ಮುಖ, ಅಂಗಿ ಎಲ್ಲ ಒದ್ದೆ. ಇಳಿಜಾರಿನ ನಡುನಡುವೆ ಒತ್ತಡ ಮುರಿಯೋಕೆ ತೊಟ್ಟಿ ಯಾಕೆ ಕಟ್ಟುತ್ತಾರೆ ಅಂತ ಆವತ್ತು ಅರ್ಥ ಆಯ್ತು.

ನಿಮ್ಮ ತಂಡಕ್ಕೆ ಎರಡೇ ಮಾತು ಕೇಳಿ. ಬೇಸಿಗೆಯಲ್ಲಿ ಒರತೆ ಅಳೆದವರು ಯಾರು? ನೀವು ವಾಪಸ್ ಬಂದ ಮೇಲೆ ನಲ್ಲಿ ಕೆಟ್ಟರೆ ರಿಪೇರಿ ಮಾಡೋರು ಯಾರು? ಕೆಲಸ ಸರಿಯಾಗಿ ನಡೆಯೋ ಊರಲ್ಲಿ ನೀರಿನ ಸಮಿತಿ ಇರುತ್ತೆ, ಮನೆಮನೆಯಿಂದ ತಿಂಗಳ ದುಡ್ಡು ಎತ್ತುತ್ತಾರೆ. ಆ ಸಮಿತಿ ವಿಷಯ ತಂಡಕ್ಕೇ ಗೊತ್ತಿಲ್ಲ ಅಂದ್ರೆ 80 ಸಾವಿರ ನಿಮ್ಮ ಹತ್ತಿರಾನೇ ಇರಲಿ.

ಉತ್ತರ 2: ಸುಮ್ನೆ ಒಂದಿಷ್ಟು ಉಪಯೋಗದ ಮಾತು. ನಮಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲೇಬೇಕು, ಆಧಾರ್ ನಡೆಯಲ್ಲ. ನಮ್ಮ 100 ರೂಪಾಯಿಗೆ ಅಲ್ಲಿನ 160. ವಾರದ ರಜೆ ಶನಿವಾರ. ಬಿಲ್ಲಿನ ಮೇಲಿನ ಇಸವಿ ನೋಡಿ ಗಾಬರಿ ಆಗಬೇಡಿ, ಅವರದ್ದು ವಿಕ್ರಮ ಸಂವತ್, ನಮಗಿಂತ ಸುಮಾರು 57 ವರ್ಷ ಮುಂದೆ. ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚೋದು ಮಾಮೂಲಿ. ವಾಪಸ್ ಟಿಕೆಟ್‌ಗೆ ಮೂರು ದಿನ ಜಾಸ್ತಿ ಇಟ್ಟುಕೊಳ್ಳಿ. ಉಂಬಳ (ಜಿಗಣೆ) ವಿಪರೀತ, ಮಲೆನಾಡಿನವರಿಗೆ ಹೇಳೋದೇ ಬೇಡ.

ಉತ್ತರ 3: ನಾನು ಅಮೆರಿಕದಲ್ಲಿ ಎಂಎಸ್ ಮಾಡುವಾಗ ಕಾಲೇಜಿನ ತಂಡದ ಜೊತೆ ಗ್ವಾಟೆಮಾಲಾಗೆ ಹೋಗಿದ್ದೆ. ಒಂದೂ ಇಟ್ಟಿಗೆ ಇಡಲಿಲ್ಲ. ಎರಡು ವಾರ ಗುಡ್ಡ ಹತ್ತಿ ಸರ್ವೇ, ರಾತ್ರಿ ಮನೆಗಳ ಲೆಕ್ಕ. ಪೈಪು ಹಾಕಿದ್ದು ನನ್ನ ಮುಂದಿನ ಬ್ಯಾಚ್. ಆಗ ಬೇಜಾರಾಗಿತ್ತು. ಈಗ ನೋಡಿದರೆ ಅದೇ ಸರಿ ಅನ್ಸುತ್ತೆ, ವರ್ಷವರ್ಷ ಅದೇ ಊರಿಗೆ ಹೋಗುವ ತಂಡ ಅದು. ಅಮೆರಿಕದಲ್ಲಿ ಓದುತ್ತಿರುವವರು ಇದನ್ನು ನೋಡುತ್ತಿದ್ದರೆ: ಹೊರಡೋ ಮೊದಲು ಐ-20 (ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡೋ ಕಾಗದ) ಮೇಲೆ ವಾಪಸ್ ಒಳಗೆ ಬರೋಕೆ ಬೇಕಾದ ಟ್ರಾವೆಲ್ ಸಹಿ ಹಾಕಿಸಿಕೊಳ್ಳಿ. ನಾನು ಹಿಂದಿನ ದಿನ ಓಡಾಡಿ ಹಾಕಿಸಿದ್ದೆ.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ತಂಡದವರಿಗೆ ಫೋನ್ ಮಾಡಿದೆ. ಸಮಿತಿ ವಿಷಯ ಅಲ್ಲಿಗೆ ಹೋದ ಮೇಲೆ ತಿಳಿಸ್ತೀವಿ ಅಂದರು, ಮುಂಗಡ ಮಾತ್ರ ಶುಕ್ರವಾರದೊಳಗೆ ಹಾಕಬೇಕಂತೆ. ಹಾಕಿಲ್ಲ. ಅಪ್ಪನಿಗೂ ಇನ್ನೂ ಹೇಳಿಲ್ಲ.